ಗೇಮ್ ಸರ್ವರ್‌ಗೆ ಯಾವ ಲಿನಕ್ಸ್?

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗಲೇ ಬಾಗಿಲ ಹತ್ತಿರ ಒಬ್ಬ ಹುಡುಗ ಕೇಳಿದ: "ಸರ್, ಮೈನ್‌ಕ್ರಾಫ್ಟ್ ಸರ್ವರ್ ಹಾಕ್ಬೇಕು. ಯಾವ ಲಿನಕ್ಸ್ ಫಾಸ್ಟ್?" ಒಳ್ಳೆ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್ ಓಡಬೇಕು. ಟಿಕ್ ಅಂದರೆ ಆಟದ ಲೋಕ ಒಂದು ಹೆಜ್ಜೆ ಮುಂದೆ ಹೋಗುವುದು. ಹಾಗಾಗಿ ಒಂದೊಂದು ಟಿಕ್‌ಗೆ 50 ಮಿಲಿಸೆಕೆಂಡ್. ಅಷ್ಟರಲ್ಲಿ ಹಸು ನಡೆಯಬೇಕು, ನೀರು ಹರಿಯಬೇಕು, ಗೋಧಿ ಬೆಳೆಯಬೇಕು. ಈ ಕೆಲಸದ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ ಮೇಲೆ ಬೀಳುತ್ತದೆ. ಹಾಗಾಗಿ ವೇಗ ಬೇಕಿದ್ದರೆ ಆ ಕೋರ್ ನೋಡಿ, ರ‍್ಯಾಮ್ ನೋಡಿ, ಸರ್ವರ್ ನಿಮ್ಮೂರಿಂದ ಎಷ್ಟು ದೂರ ಇದೆ ನೋಡಿ. ಡೆಬಿಯನ್ ತೆಗೆದು ಉಬುಂಟು ಹಾಕಿದರೆ ಆಡುವವರಿಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಡಿಸ್ಟ್ರೊ, ಅಂದರೆ ಡೆಬಿಯನ್, ಉಬುಂಟು ಥರದ ಲಿನಕ್ಸ್ ಬಗೆ, ಯಾವುದಾದರೂ ನಡೆಯುತ್ತಾ? ಇಲ್ಲ. ಸರ್ವರ್ ಸ್ಟಾರ್ಟ್ ಆಗುತ್ತಾ ಇಲ್ವಾ, ಎಷ್ಟು ವರ್ಷ ನೆಮ್ಮದಿಯಾಗಿ ಓಡುತ್ತದೆ, ಅದನ್ನು ತೀರ್ಮಾನಿಸುವುದು ಡಿಸ್ಟ್ರೊನೇ.

ಅಕ್ಕನ ಮಕ್ಕಳಿಗೆ ನಾನೊಂದು ಸರ್ವರ್ ನಡೆಸುತ್ತೇನೆ. ಆಗ ಡೆಬಿಯನ್ 12 ಹಾಕಿದ್ದೆ. 2024ರ ಏಪ್ರಿಲ್ 23ಕ್ಕೆ ಮೈನ್‌ಕ್ರಾಫ್ಟ್ 1.20.5 ಬಂತು. ರಾತ್ರಿ ಫೋನು: "ಮಾಮ, ಎಲ್ರೂ ಅಪ್‌ಡೇಟ್ ಮಾಡ್ಕೊಂಡಿದೀವಿ, ಸರ್ವರ್‌ಗೆ ಸೇರಕ್ಕೇ ಆಗ್ತಿಲ್ಲ." ಸರ್ವರ್‌ನ ಹೊಸ ಜಾರ್ ಫೈಲ್ ಹಾಕಿ ಸ್ಟಾರ್ಟ್ ಮಾಡಿದೆ. ತಕ್ಷಣ ಬಿದ್ದುಹೋಯಿತು. ಪರದೆ ಮೇಲೆ ಎರಡು ಸಂಖ್ಯೆ ಉಳಿದಿದ್ದವು: 65.0 ಮತ್ತು 61.0. ಈ ಸರ್ವರ್ ಓಡುವುದು ಜಾವಾ ಅನ್ನುವ ಸಾಫ್ಟ್‌ವೇರ್ ಮೇಲೆ. ಜಾವಾ 21ರಲ್ಲಿ ತಯಾರಾದ ಫೈಲಿನ ಮೇಲೆ 65 ಅಂತ ಗುರುತಿರುತ್ತದೆ. ಜಾವಾ 17ಕ್ಕೆ 61ರವರೆಗೆ ಮಾತ್ರ ಓದಲು ಬರುತ್ತದೆ. ಡೆಬಿಯನ್ 12ರ ಸಾಫ್ಟ್‌ವೇರ್ ಭಂಡಾರದಲ್ಲಿ ಇದ್ದದ್ದು ಜಾವಾ 17. ಕೊನೆಗೆ ಜಾವಾ 21 ಅನ್ನು ಹೊರಗಿಂದ ತಂದು ಹಾಕಿದೆ. ಎರಡೇ ದಿನ ಕಳೆದು ಉಬುಂಟು 24.04 ಬಂತು, ಅದರಲ್ಲಿ 21 ಇತ್ತು. ಡೆಬಿಯನ್‌ನವರಿಗೆ ಅದು ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ, 13ರ ಜೊತೆ.

ಇದೇನೂ ಹೊಸದಲ್ಲ. ಮೈನ್‌ಕ್ರಾಫ್ಟ್ 1.17 ಬಂದಾಗ ಜಾವಾ 16 ಕೇಳಿತ್ತು, 1.18 ಬಂದಾಗ 17. ಮುಂದೆಯೂ ಕೇಳುತ್ತದೆ. ಅದಕ್ಕೇ ಮೊದಲು ಗೇಮ್‌ಗೆ ಏನು ಬೇಕು ಅಂತ ನೋಡಿ, ಆಮೇಲೆ ಡಿಸ್ಟ್ರೊ ಹುಡುಕಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಗೇಮ್‌ಗಳದ್ದು ಬೇರೆ ಕಥೆ. ಅವುಗಳ ಸರ್ವರ್ ಇಳಿಸಿಕೊಳ್ಳುವ ಸ್ಟೀಮ್‌ಸಿಎಂಡಿ ಇನ್ನೂ 32 ಬಿಟ್ ಪ್ರೋಗ್ರಾಮ್. ಖಾಲಿ 64 ಬಿಟ್ ಡೆಬಿಯನ್ ಮೇಲೆ ಅದನ್ನು ಓಡಿಸಿದರೆ "ಅಂಥ ಫೈಲ್ ಇಲ್ಲ" ಅನ್ನುತ್ತದೆ. ಫೈಲ್ ಕಣ್ಣೆದುರೇ ಇರುತ್ತದೆ! ನಿಜವಾಗಿ ಇಲ್ಲದಿರುವುದು ಅದನ್ನು ಎಬ್ಬಿಸುವ 32 ಬಿಟ್ ಲೋಡರ್. ಐ386, ಅಂದರೆ ಡೆಬಿಯನ್‌ನ 32 ಬಿಟ್ ವಿಭಾಗ, ಸೇರಿಸಿ, 32 ಬಿಟ್ ಲೈಬ್ರರಿ ಹಾಕಿದರೆ ಮುಗಿಯಿತು. ಆಲ್ಪೈನ್ ಅನ್ನುವ ಡಿಸ್ಟ್ರೊ ಹಾಕಿದವರಿಗೂ ಇದೇ ಎರರ್ ಎದುರಾಗುತ್ತದೆ. ಆಲ್ಪೈನ್ ತುಂಬ ಪುಟ್ಟದು, ಚೆನ್ನಾಗಿದೆ. ಆದರೆ ಎಲ್ಲ ಪ್ರೋಗ್ರಾಮ್‌ಗಳಿಗೂ ಬೇಕಾದ ಮೂಲ ಲೈಬ್ರರಿಯಾಗಿ ಅದರ ಒಳಗಿರುವುದು ಮಸಲ್, ಗೇಮ್ ಕಂಪನಿಗಳು ಕಟ್ಟಿ ಕೊಡುವುದು ಡೆಬಿಯನ್, ಉಬುಂಟುಗಳಲ್ಲಿರುವ ಜಿಲಿಬ್‌ಸಿಗೆ. ಸುಮ್ನೆ ಹೋರಾಡಬೇಡಿ.

ಇನ್ನು ಆಯಸ್ಸಿನ ಮಾತು. ಸೆಂಟ್‌ಓಎಸ್ 8 ಅನ್ನುವ ಡಿಸ್ಟ್ರೊಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ ಅಂತ ನಂಬಿ ಎಷ್ಟೋ ಜನ ಹಾಕಿಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ಬೇಗ ನಿಲ್ಲಿಸುತ್ತೇವೆ ಅಂತ ಪ್ರಕಟಣೆ ಬಂತು, 2021ರ ಕೊನೆಗೆ ಅದು ನಿಂತೇಹೋಯಿತು. ಆ ಕುಟುಂಬವೇ ಬೇಕು ಅನ್ನುವವರಿಗೆ ಈಗ ಆಲ್ಮಾ, ರಾಕಿ ಇವೆ. ಫೆಡೋರಾದ ಒಂದು ಆವೃತ್ತಿಗೆ ಅಪ್‌ಡೇಟ್ ಸಿಗುವುದು ಸುಮಾರು 13 ತಿಂಗಳು ಮಾತ್ರ. ಸದಾ ಹೊಸದಾಗುತ್ತಲೇ ಇರುವ ಆರ್ಚ್ ನನಗೂ ಇಷ್ಟ, ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಇದೆ. ಆದರೆ ಹತ್ತು ಮಕ್ಕಳು ಭಾನುವಾರಕ್ಕೆ ಕಾಯುತ್ತಿರುವ ಮೆಷಿನ್‌ಗೆ ನಾನು ಹಾಕಲ್ಲ.

ನನ್ನ ಆಯ್ಕೆ ಕೇಳಿದರೆ, ಮೈನ್‌ಕ್ರಾಫ್ಟ್‌ಗೆ ಡೆಬಿಯನ್. ಬೇಡದ್ದು ಕಡಿಮೆ, ಐದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಸ್ಟೀಮ್ ಗೇಮ್‌ಗಳಿಗೆ ಉಬುಂಟು ಎಲ್‌ಟಿಎಸ್, ಅಂದರೆ ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ, ಯಾಕೆಂದರೆ ಗೇಮ್ ಮಾಡುವವರು ಬರೆಯುವ ಸೂಚನೆಗಳು ಜಾಸ್ತಿ ಅದನ್ನೇ ಹಿಡಿದು ಇರುತ್ತವೆ. ಯಾವುದೇ ಇರಲಿ, ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, ಮಾತ್ರ ಓಡಿಸಬೇಡಿ. ಗೇಮ್‌ಗೆ ಅಂತ ಬೇರೆ ಯೂಸರ್ ಮಾಡಿ.

ತಪ್ಪು ಡಿಸ್ಟ್ರೊ ಆರಿಸಿಬಿಟ್ಟೆವಾ ಅಂತ ಹೆದರುವುದೂ ಬೇಡ. ಮಕ್ಕಳು ಕಟ್ಟಿದ ಮನೆ, ಸೇತುವೆ ಎಲ್ಲ ವರ್ಲ್ಡ್ ಅನ್ನುವ ಒಂದು ಫೋಲ್ಡರಿನಲ್ಲಿ ಇರುತ್ತದೆ. ಸರ್ವರ್ ನಿಲ್ಲಿಸಿ ಅದನ್ನು ಕಾಪಿ ಮಾಡಿಕೊಂಡರೆ ಯಾವ ಲಿನಕ್ಸ್‌ಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು.

ಈಗ ಪ್ರೊಜೆಕ್ಟರ್ ಹಾಕೋಣ. ಖಾಲಿ ಡೆಬಿಯನ್ ತಂದಿದ್ದೇನೆ. ಆ "ಫೈಲ್ ಇಲ್ಲ" ಅನ್ನುವ ಎರರ್ ಮೊದಲು ಬರಿಸುತ್ತೇನೆ, ಆಮೇಲೆ ಸರಿ ಮಾಡೋಣ.