ಹಂಪಿಯಿಂದ ಬೆಂಗಳೂರಿಗೆ: ರಾತ್ರಿ ರೈಲು ದಾಟಿಸಿಬಿಡುವ ಚರಿತ್ರೆ

ಸಭಾಧ್ಯಕ್ಷರೇ, ಮಡಿಕೇರಿಯ ಓದುಗ ಮಿತ್ರರೇ,

ಕಾಫಿ ಕೊಯ್ಲು ಮುಗಿದ ಮೇಲೆ ನಿಮ್ಮ ಬಳಗ ಹಂಪಿಗೆ ಹೊರಡಲಿದೆಯೆಂದೂ, ಅದಕ್ಕೆ ಮುನ್ನ ವಿಜಯನಗರದ ಬಗ್ಗೆ ನಾಲ್ಕು ಮಾತನಾಡಬೇಕೆಂದೂ ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ವಿರೂಪಾಕ್ಷನ ಗೋಪುರ, ವಿಠ್ಠಲ ದೇವಾಲಯದ ಕಲ್ಲಿನ ರಥ, ಹಜಾರರಾಮನ ಗೋಡೆಯ ಶಿಲ್ಪಗಳನ್ನು ನೀವೆಲ್ಲ ಬಲ್ಲಿರಿ. ಅವುಗಳ ವರ್ಣನೆಗೆ ಹೊತ್ತು ಕಳೆಯುವುದಿಲ್ಲ. ನಾನು ಹೇಳಬೇಕೆಂದಿರುವುದು ಹಿಂದಿರುಗುವ ದಾರಿಯ ವಿಷಯ. ಹೊಸಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲೇ ಬನ್ನಿ, ಅದರಲ್ಲೂ ಕೊನೆಯ ಭಾಗವನ್ನು ಹಗಲಿನಲ್ಲಿ ಬನ್ನಿ ಎಂಬುದು ನನ್ನ ಕಳಕಳಿಯ ವಿನಂತಿ. ಏಕೆಂದರೆ ಹಂಪಿಯ ಕಥೆ ಹಂಪಿಯಲ್ಲಿ ಮುಗಿಯಲಿಲ್ಲ. ಅದು ಮುಂದುವರಿದದ್ದು ಇಂದು ಹಳಿಗಳು ಹೋಗುವ ದಿಕ್ಕಿನಲ್ಲೇ.

ಹಳಿಯೇ ಇಲ್ಲದ ನಮ್ಮ ಕೊಡಗಿನಲ್ಲಿ ರೈಲಿನ ಹೆಸರೆತ್ತಿದೊಡನೆ ಕುಶಾಲನಗರಕ್ಕೆ ಮಾರ್ಗ ಬೇಕೋ ಬೇಡವೋ ಎಂಬ ಚರ್ಚೆ ಏಳುತ್ತದೆ. ಹಿಂದಿನ ಸಾಲಿನಲ್ಲಿ ಆಗಲೇ ಗುಸುಗುಸು ಕೇಳುತ್ತಿದೆ. ಆ ಚರ್ಚೆಯನ್ನು ಚಹಾದ ವೇಳೆಗೆ ಇಟ್ಟುಕೊಳ್ಳೋಣ. ಸದ್ಯಕ್ಕೆ ಇಷ್ಟು ಸಾಕು: ಹಂಪಿ ಎಕ್ಸ್‌ಪ್ರೆಸ್ ಮೈಸೂರಿನಿಂದಲೇ ಹುಬ್ಬಳ್ಳಿಗೆ ಹೊರಡುತ್ತದೆ. ಇಲ್ಲಿಂದ ಬಸ್ಸಿನಲ್ಲಿ ಮೈಸೂರಿಗೆ ಇಳಿದು ಸಂಜೆ ಹತ್ತಿದರೆ ಮರುದಿನ ಬೆಳಿಗ್ಗೆ ಹೊಸಪೇಟೆ, ಅಂದರೆ ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ.

ಹಿಂದಿರುಗುವಾಗ ಅದೇ ರೈಲು ರಾತ್ರಿ ಹೊಸಪೇಟೆ ಬಿಟ್ಟು ಬಳ್ಳಾರಿ, ಗುಂತಕಲ್ಲು, ಅನಂತಪುರ, ಧರ್ಮಾವರ, ಪೆನುಕೊಂಡ, ಹಿಂದೂಪುರ, ಯಲಹಂಕ ಎಂದು ಸಾಗಿ ಬೆಳಗಿನ ಹೊತ್ತಿಗೆ ಬೆಂಗಳೂರು ಸೇರುತ್ತದೆ. ಈ ಊರುಗಳ ಪೈಕಿ ಪೆನುಕೊಂಡ ಮತ್ತು ಯಲಹಂಕ ಎಂಬ ಎರಡು ಹೆಸರುಗಳನ್ನು ದಯವಿಟ್ಟು ನೆನಪಿನಲ್ಲಿಡಿ.

1565ರ ಜನವರಿಯಲ್ಲಿ ವಿಜಯನಗರ ಸೋತ ತಾಳಿಕೋಟೆ ಯುದ್ಧದಲ್ಲಿ, ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಅಳಿಯ ರಾಮರಾಯ ಹತನಾದ ಮೇಲೆ ಅವನ ತಮ್ಮ ತಿರುಮಲರಾಯನು ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನೂ ಭಂಡಾರವನ್ನೂ ಕರೆದೊಯ್ದದ್ದು ಪೆನುಕೊಂಡಕ್ಕೆ. ಶಾಲೆಯ ಪುಸ್ತಕ ಅಲ್ಲಿಗೆ ಪುಟ ಮಗುಚಿಬಿಡುತ್ತದೆ. ಆದರೆ ರಾಜ್ಯವು ಪೆನುಕೊಂಡದಲ್ಲಿ, ಮುಂದೆ ಚಂದ್ರಗಿರಿಯಲ್ಲಿ, ವೇಲೂರಿನಲ್ಲಿ ಸುಮಾರು ಎಂಬತ್ತು ವರ್ಷ ಉಸಿರಾಡಿತು.

ಇಲ್ಲಿ ಒಬ್ಬ ಪ್ರವಾಸಿಯ ಅನುಭವವನ್ನು ಹೇಳಲೇಬೇಕು. ವೆನಿಸ್ ನಗರದ ವ್ಯಾಪಾರಿ ಸೀಸರ್ ಫೆಡ್ರಿಕ್ 1567ರಲ್ಲಿ ಹಂಪಿಯಲ್ಲಿದ್ದ. ನಗರ ಪೂರ್ತಿ ನೆಲಸಮವಾಗಿರಲಿಲ್ಲ. ಮನೆಗಳು ನಿಂತಿದ್ದವು, ಆದರೆ ಬರಿದಾಗಿದ್ದವು, ಅವುಗಳಲ್ಲಿ ಹುಲಿಗಳೂ ಕಾಡುಮೃಗಗಳೂ ವಾಸವಾಗಿದ್ದವು ಎಂದು ಅವನು ಬರೆದಿದ್ದಾನೆ. ಅರಸನು ಎಂಟು ದಿನಗಳ ಪ್ರಯಾಣದಷ್ಟು ದೂರದ ಪೆನುಕೊಂಡಕ್ಕೆ ಹೊರಟುಹೋದ ಎಂದೂ ಅವನೇ ತಿಳಿಸುತ್ತಾನೆ. ಎಂಟು ದಿನದ ಆ ದಾರಿ ಈಗ ನಿಮ್ಮ ಅರ್ಧ ರಾತ್ರಿಯ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಒಂದು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಫೆಡ್ರಿಕ್ ಏಳು ತಿಂಗಳು ಅಲ್ಲಿ ನಿಲ್ಲಬೇಕಾಯಿತು, ದಾರಿಯಲ್ಲಿ ಅಷ್ಟು ಕಳ್ಳರ ಭಯ. ಕೊನೆಗೆ ಗೋವೆಯ ಕಡೆಗೆ ಹೊರಟಾಗ ಅವನಿಗೆ ಎದುರಾದ ತೊಂದರೆ ಇನ್ನೂ ವಿಚಿತ್ರವಾದದ್ದು. ದಿನಕ್ಕೊಬ್ಬ ನಾಯಕನ ಸೀಮೆ. ಎಲ್ಲರೂ ವಿಜಯನಗರಕ್ಕೆ ಕಪ್ಪ ಕೊಡುವವರೇ, ಆದರೂ ಒಬ್ಬೊಬ್ಬನೂ ತನ್ನದೇ ತಾಮ್ರದ ನಾಣ್ಯ ಹೊಡೆಸಿದ್ದ. ಇಂದು ಕೈಗೆ ಬಂದ ಕಾಸು ನಾಳೆ ನಡೆಯುತ್ತಿರಲಿಲ್ಲ. ಒಂದು ಸಾಮ್ರಾಜ್ಯ ಸಡಿಲವಾದದ್ದನ್ನು ಅರಿಯಲು ಒಡೆದ ಕಂಬಗಳಿಗಿಂತ ಈ ಚಲಾವಣೆಯಾಗದ ತಾಮ್ರದ ಕಾಸು ನನಗೆ ಹೆಚ್ಚು ನೆರವಾಗಿದೆ. ನೀವು ಹೊಸಪೇಟೆಯಲ್ಲಿ ಕೊಂಡ ಒಂದೇ ಟಿಕೆಟ್ ಬಳ್ಳಾರಿ ದಾಟಿ ಆಂಧ್ರವನ್ನು ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುವವರೆಗೂ ನಡೆಯುತ್ತದೆ ಎಂಬುದು ಸಣ್ಣ ಮಾತಲ್ಲ.

ಈಗ ಯಲಹಂಕಕ್ಕೆ ಬರೋಣ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳು, ವಿಜಯನಗರದ ಸಾಮಂತರು. ಅಪ್ಪಣೆಯಿಲ್ಲದೆ ತಮ್ಮದೇ ನಾಣ್ಯ ಟಂಕಿಸಿದರೆಂಬ ಕಾರಣಕ್ಕೆ ಅವರನ್ನು ಆನೆಗೊಂದಿಯಲ್ಲಿ ಸೆರೆಯಿಟ್ಟಿದ್ದರೆಂಬ ಐತಿಹ್ಯವಿದೆ. ಇದನ್ನು ಫೆಡ್ರಿಕ್‌ನ ಮಾತಿನ ಪಕ್ಕದಲ್ಲಿಟ್ಟು ನೋಡಿ. ಕೇಂದ್ರ ಗಟ್ಟಿಯಿದ್ದಾಗ ನಾಣ್ಯ ಹೊಡೆಸಿದವನಿಗೆ ಸೆರೆಮನೆ. ಕೇಂದ್ರ ಕುಸಿದ ಎರಡೇ ವರ್ಷದಲ್ಲಿ ಪ್ರತಿ ನಾಯಕನಿಗೂ ಅವನದೇ ಟಂಕಸಾಲೆ. ಆನೆಗೊಂದಿ ಇರುವುದು ಹಂಪಿಯ ಎದುರು ದಡದಲ್ಲಿ. ಯಲಹಂಕ ಬರುವುದು ರೈಲು ಬೆಂಗಳೂರನ್ನು ಹೊಗುವ ಬಾಗಿಲಿನಲ್ಲಿ. ಕುಸಿದ ರಾಜಧಾನಿಯಿಂದ ಅದರ ಉತ್ತರಾಧಿಕಾರಿ ರಾಜಧಾನಿಗೆ, ಅಲ್ಲಿಂದ ಅದರ ಸಾಮಂತನೊಬ್ಬ ಕಟ್ಟಿದ ಇಂದಿನ ರಾಜಧಾನಿಗೆ, ನಿಲ್ದಾಣಗಳು ಚರಿತ್ರೆಯ ಅನುಕ್ರಮದಲ್ಲೇ ಬರುವ ಇಂತಹ ಮಾರ್ಗ ನಮ್ಮ ನಾಡಿನಲ್ಲಿ ಬೇರೊಂದನ್ನು ನಾನು ಕಂಡಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಹಂಪಿಯ ಕಥೆ ಹಂಪಿಯಲ್ಲಿ ಮುಗಿಯಲಿಲ್ಲ. ಕೊಡಗನ್ನಾಳಿದ ನಮ್ಮ ಹಾಲೇರಿ ಅರಸರೂ ವಿಜಯನಗರದ ಸಾಮಂತರಾಗಿದ್ದ ಇಕ್ಕೇರಿ ಮನೆತನದ ಕವಲೆಂಬ ಪ್ರತೀತಿಯನ್ನು ನೆನೆದರೆ, ಅದರ ಒಂದು ಎಳೆ ಈ ಬೆಟ್ಟಗಳವರೆಗೂ ಬಂದಿದೆ.

ಹಳಿಗಳ ಹುಟ್ಟಿನ ಬಗ್ಗೆ ಬಹಳ ಹೇಳಬೇಕೆಂದು ಬಂದಿದ್ದೆ. ಅಧ್ಯಕ್ಷರು ಗಡಿಯಾರ ತೋರಿಸುತ್ತಿರುವುದರಿಂದ ಸಂಕ್ಷೇಪಿಸುತ್ತೇನೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆಯ ಜನ ಅಪಾರವಾಗಿ ಸತ್ತರು. ಧಾನ್ಯವನ್ನು ಬೇಗ ತಲುಪಿಸುವ ಮಾರ್ಗ ಬೇಕೆಂಬ ಅರಿವಿನಿಂದ ಹುಟ್ಟಿದ್ದು 1882ರ ಸದರ್ನ್ ಮರಾಠಾ ರೈಲ್ವೆ. ಹೊಸಪೇಟೆಯ ಹಳಿ ಅದರ ಕೊಡುಗೆ. ಲೇಪಾಕ್ಷಿಯ ಚಿತ್ರಗಳ ವಿಷಯವೂ ಉಳಿಯಿತು. ಅಚ್ಯುತರಾಯನ ಕಾಲದ ಆ ವೀರಭದ್ರ ದೇವಾಲಯ ಹಿಂದೂಪುರಕ್ಕೆ ತೀರ ಹತ್ತಿರ. ಹಂಪಿಯಲ್ಲಿ ಬಹುಮಟ್ಟಿಗೆ ಅಳಿದುಹೋಗಿರುವ ಬಣ್ಣ ಅಲ್ಲಿನ ಮೇಲ್ಛಾವಣಿಯಲ್ಲಿ ಇನ್ನೂ ಇದೆ.

ಆದುದರಿಂದ ಟಿಕೆಟ್ ಮಾಡಿಸುವವರಲ್ಲಿ ನನ್ನ ಕೋರಿಕೆ ಇದು. ರಾತ್ರಿಯ ರೈಲಿಗೆ ಬೆಂಗಳೂರಿನವರೆಗೆ ಮಾಡಿಸಬೇಡಿ, ಹಿಂದೂಪುರದವರೆಗೆ ಮಾಡಿಸಿ. ಬೆಳಕು ಹರಿಯುವ ಮುನ್ನವೇ ಇಳಿಯಬೇಕಾಗುತ್ತದೆ. ಹಿರಿಯರು ಬೆಚ್ಚನೆಯ ಹೊದಿಕೆ ಇಟ್ಟುಕೊಳ್ಳಲಿ. ಬೆಳಗಾದ ಮೇಲೆ ಪೆನುಕೊಂಡದ ಗಗನ ಮಹಲನ್ನು ನೋಡಿ, ಹಂಪಿಯ ಕಮಲ ಮಹಲನ್ನು ಹಿಂದಿನ ದಿನವಷ್ಟೇ ಕಂಡ ಕಣ್ಣಿಗೆ ಆ ಕಮಾನುಗಳ ನಂಟು ತಾನಾಗಿ ತಿಳಿಯುತ್ತದೆ. ಲೇಪಾಕ್ಷಿ ಮುಗಿಸಿ ಹಿಂದೂಪುರದಿಂದ ಹಗಲು ರೈಲು ಹಿಡಿದು ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ ಮಾರ್ಗವಾಗಿ ಬೆಂಗಳೂರು ತಲುಪಿ. ರೈಲಿನ ವೇಳೆಗಳನ್ನು ಹೊರಡುವ ಮೊದಲು ಮತ್ತೊಮ್ಮೆ ಖಚಿತಪಡಿಸಿಕೊಂಡು, ಇನ್ನೊಂದು ದಿನದ ಊಟ ವಸತಿಯ ಖರ್ಚನ್ನು ಕಾರ್ಯದರ್ಶಿಗಳು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ನಮಸ್ಕಾರ.