ಚೌಕಾಸಿ ಮಾಡದ ಗಿರಾಕಿ

ಕೇಳುಗರಿಗೆ ನಮಸ್ಕಾರ.

ಆನ್‌ಲೈನ್ ಮೋಸ ಅಂದ ಕೂಡಲೇ ನಮಗೆ ನೆನಪಾಗುವುದು ಮಾರುವವರ ಮೋಸ. ಮೊಬೈಲ್ ಆರ್ಡರ್ ಮಾಡಿದರೆ ಡಬ್ಬಿಯಲ್ಲಿ ಸೋಪು ಬಂತು, ಕಲ್ಲು ಬಂತು, ಇಂಥ ಸುದ್ದಿಯನ್ನು ನೀವೆಲ್ಲ ಕೇಳಿರುತ್ತೀರಿ. ಕೊಳ್ಳುವವರೂ ಟೋಪಿ ಹಾಕುತ್ತಾರೆ ಅನ್ನುವುದು ಮನೆಯಲ್ಲಿ ಕೂತು ಸೀರೆ, ಉಪ್ಪಿನಕಾಯಿ, ಹಳೆ ಸೋಫಾ ಮಾರುವವರಿಗೆ ಮಾತ್ರ ಗೊತ್ತು. ನಾನೂ ಮನೆಯಿಂದಲೇ ಇಳಕಲ್ ಸೀರೆ ಮಾರುವವಳು. ಹಾಗಾಗಿ ಇವತ್ತು ಮಾರುವವರ ಪರವಾಗಿ ನಾಲ್ಕು ಮಾತು.

ಮೊದಲು ಹಳೆ ಸಾಮಾನಿನ ವಿಷಯ. ಮನೆ ಬದಲಾಯಿಸುವಾಗ ಫ್ರಿಜ್ ಮಾರಿಬಿಡೋಣ ಅಂತ ಫೋಟೋ ಹಾಕುತ್ತೀರಿ. 12,000 ಅಂತ ಬರೆಯುತ್ತೀರಿ, ಒಂಬತ್ತಕ್ಕೆ ಹೋದರೂ ಸಾಕು ಅನ್ನುವ ಲೆಕ್ಕ ಮನಸ್ಸಿನಲ್ಲಿರುತ್ತದೆ. ಅಸಲಿ ಗಿರಾಕಿ ಏನು ಮಾಡುತ್ತಾನೆ ಹೇಳಿ? ತಲೆ ತಿನ್ನುತ್ತಾನೆ. ಎಷ್ಟು ವರ್ಷ ಹಳೆಯದು, ಬಾಗಿಲಿನ ರಬ್ಬರ್ ಸರಿ ಇದೆಯಾ, ಸದ್ದು ಮಾಡುತ್ತಾ, ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂದು ನೋಡಬಹುದಾ, ಏಳು ಸಾವಿರಕ್ಕೆ ಕೊಡ್ತೀರಾ. ಕೇಳುವಾಗ ಸಿಟ್ಟು ಬರುತ್ತದೆ. ಆದರೆ ಇಷ್ಟು ಕೊಸರಾಡುವವನ ಹತ್ತಿರ ಫ್ರಿಜ್ ಬೇಕು ಅನ್ನುವ ಆಸೆ ಇದೆ, ದುಡ್ಡೂ ಇದೆ ಅಂತ ಅರ್ಥ.

ಕಳ್ಳ ಗಿರಾಕಿ ಚೌಕಾಸಿಯನ್ನೇ ಮಾಡುವುದಿಲ್ಲ. ಜಾಹೀರಾತು ಹಾಕಿ ಹತ್ತು ನಿಮಿಷ ಆಗಿರುವುದಿಲ್ಲ, ಫೋನ್ ಬರುತ್ತದೆ. ಹಿಂದಿಯಲ್ಲಿ, ಬಹಳ ವಿನಯದಿಂದ. ನಾನು ಆರ್ಮಿಯಲ್ಲಿದ್ದೇನೆ ಮೇಡಂ, ಬೆಂಗಳೂರಿಗೆ ವರ್ಗ ಆಗಿದೆ, ನಿಮ್ಮ ರೇಟು ಒಪ್ಪಿಗೆ, ಸಾಗಿಸಲು ನಮ್ಮ ಗಾಡಿಯೇ ಬರುತ್ತದೆ. ಕೇಳದೇನೇ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಸಮವಸ್ತ್ರದ ಫೋಟೋ ವಾಟ್ಸಾಪಿಗೆ ಕಳಿಸುತ್ತಾನೆ. ಯಾರಾದರೂ ಫ್ರಿಜ್ ಕೊಳ್ಳಲು ತಮ್ಮ ಐಡಿ ಕಾರ್ಡ್ ತೋರಿಸುತ್ತಾರಾ? ಸೈನ್ಯದ ಮೇಲೆ ನಮಗಿರುವ ಗೌರವವನ್ನೇ ಇವನು ಬಂಡವಾಳ ಮಾಡಿಕೊಂಡಿದ್ದಾನೆ. ಆ ಕಾರ್ಡಿನಲ್ಲಿರುವ ಮುಖ ಬೇರೆ ಯಾರದೋ.

ಆಮೇಲೆ ಶುರುವಾಗುತ್ತದೆ, ಆರ್ಮಿಯ ಪೇಮೆಂಟ್ ಬೇರೆ ಥರ ಮೇಡಂ ಅನ್ನುವ ರಾಗ. ನೀವು ಮೊದಲು 5 ರೂಪಾಯಿ ಕಳಿಸಿ, 10 ವಾಪಸ್ ಬರುತ್ತದೆ ಅನ್ನುತ್ತಾನೆ. ಕಳಿಸಿದರೆ ನಿಜವಾಗಿಯೂ 10 ಬರುತ್ತದೆ! ಈಗ ನಂಬಿಕೆ ಕುದುರಿತು. ಮುಂದೆ 12,000ದ ಕ್ಯುಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬಂದು ಬೀಳುತ್ತದೆ ಅನ್ನುತ್ತಾನೆ. ಒತ್ತಿದಿರೋ, ಅಷ್ಟೂ ದುಡ್ಡು ಅವನ ಪಾಲು. ಅಯ್ಯೋ ತಪ್ಪಾಯಿತು, ಇನ್ನೊಂದು ಕೋಡ್ ಕಳಿಸುತ್ತೇನೆ, ಎರಡೂ ಸೇರಿ ಬರುತ್ತದೆ ಅಂತ ಇನ್ನೊಂದಿಷ್ಟು ಎಳೆಯುತ್ತಾನೆ. ಫೋನ್ ಕಟ್ ಮಾಡಲು ಮಾತ್ರ ಬಿಡುವುದಿಲ್ಲ, ಅದನ್ನು ಗಮನಿಸಿ.

ಯುಪಿಐ 2016ರಲ್ಲಿ ಬಂತು. ಅವತ್ತಿನಿಂದ ಇವತ್ತಿನವರೆಗೂ ದುಡ್ಡು ಬರಲು ಪಿನ್ ಬೇಕಾಗಿಯೇ ಇಲ್ಲ. ಸ್ಕ್ಯಾನೂ ಬೇಕಾಗಿಲ್ಲ. ತರಕಾರಿ ಅಂಗಡಿಯವರು ದಿನಕ್ಕೆ ನೂರು ಸಲ ದುಡ್ಡು ತಗೊಳ್ಳುತ್ತಾರೆ, ಒಂದು ಸಲವಾದರೂ ಪಿನ್ ಒತ್ತುವುದನ್ನು ನೋಡಿದ್ದೀರಾ? ಹಿಂದೆ ಕಲೆಕ್ಟ್ ರಿಕ್ವೆಸ್ಟ್ ಅಂತ, ಅಂದರೆ ಆಪಿನಲ್ಲೇ ದುಡ್ಡು ಕೇಳುವ ಕೋರಿಕೆ, ಕಳಿಸಿಯೂ ದುಡ್ಡು ಎಳೆಯುತ್ತಿದ್ದರು. ಜನರ ನಡುವಿನ ಆ ರಿಕ್ವೆಸ್ಟನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಳ್ಳೆಯದಾಯಿತು. ಆದರೆ ಕ್ಯುಆರ್ ಕೋಡ್ ಇದ್ದೇ ಇದೆಯಲ್ಲ.

ಇನ್ನೊಂದು ಸ್ಕ್ರೀನ್‌ಶಾಟ್ ಆಟ. ದುಡ್ಡು ಹಾಕಿದ್ದೇನೆ ಅಕ್ಕಾ, ನೋಡಿ ಅಂತ ಹಸಿರು ಟಿಕ್ ಮಾರ್ಕ್ ಇರುವ ಚಿತ್ರ ಬರುತ್ತದೆ. ಇಂಥ ಚಿತ್ರ ತಯಾರಿಸಲೆಂದೇ ನಕಲಿ ಆಪ್‌ಗಳಿವೆ. ಹೆಸರು, ಮೊತ್ತ, ಸಮಯ ಎಲ್ಲ ನೀಟಾಗಿರುತ್ತದೆ. ಇದರದೇ ತಮ್ಮ ಇನ್ನೊಂದು ಮೋಸ: 1,500 ಹಾಕುವ ಬದಲು ಕೈತಪ್ಪಿ 15,000 ಹಾಕಿಬಿಟ್ಟೆ, ಮಗು ಆಸ್ಪತ್ರೆಯಲ್ಲಿದೆ, ಉಳಿದದ್ದನ್ನು ವಾಪಸ್ ಕಳಿಸಿ ಅಂತ ಅಳುವುದು. ಜೊತೆಗೆ ಬ್ಯಾಂಕಿನದೇ ಥರದ ಮೆಸೇಜು ಬರುತ್ತದೆ. ಕಳಿಸಿದವರ ಜಾಗದಲ್ಲಿ ಹತ್ತು ಅಂಕಿಯ ಮೊಬೈಲ್ ನಂಬರ್ ಇದ್ದರೆ ಅದು ಬ್ಯಾಂಕಿನದಲ್ಲ. ಸುಮ್ನೆ ನಿಮ್ಮ ಆಪ್ ತೆಗೆದು ಬ್ಯಾಲೆನ್ಸ್ ನೋಡಿ. ಅಲ್ಲಿ ಏರಿಲ್ಲ ಅಂದರೆ ದುಡ್ಡು ಬಂದಿಲ್ಲ. ಸರ್ವರ್ ಡೌನ್ ಇದೆ, ಸಂಜೆಗೆ ಬರುತ್ತೆ ಅಂದರೆ ಸೀರೆಯನ್ನೂ ಸಂಜೆಗೇ ಕಳಿಸಿದರಾಯಿತು.

ಇವರೆಲ್ಲ ಕಳ್ಳರು, ಕಸುಬೇ ಅದು. ನನಗೆ ಜಾಸ್ತಿ ಹೊಟ್ಟೆ ಉರಿಸುವವರು ಬೇರೆ. ಒಳ್ಳೆ ಮನೆಯವರೇ, ಒಳ್ಳೆ ಕೆಲಸದಲ್ಲಿರುವವರೇ. ಮದುವೆಗೆ ನಾಲ್ಕು ದಿನ ಇದ್ದಾಗ ಸೀರೆ ತರಿಸುತ್ತಾರೆ, ಮದುವೆ ಮುಗಿದ ಮರುದಿನ ರಿಟರ್ನ್ ಹಾಕುತ್ತಾರೆ. ಕಾರಣ: ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ. ವಾಪಸ್ ಬಂದ ಸೀರೆ ಬಿಡಿಸಿ ನೋಡಿದರೆ ಎಲ್ಲ ಕಥೆ ಹೇಳುತ್ತದೆ. ಸೆಂಟಿನ ವಾಸನೆ ಮಡಿಕೆಯೊಳಗೇ ಕೂತಿರುತ್ತದೆ. ಭುಜದ ಹತ್ತಿರ ಪಿನ್ನು ಚುಚ್ಚಿದ ಎರಡು ತೂತು. ಅಂಚಿನ ಉದ್ದಕ್ಕೂ ಫಾಲ್ ಹೊಲಿದು ಬಿಚ್ಚಿದ ಗುರುತು. ಒಂದು ಸೀರೆಯ ಸೆರಗಿನ ಮೇಲೆ ಅರಿಶಿನದ ಬೆರಳಚ್ಚು ಸ್ಪಷ್ಟವಾಗಿತ್ತು. ಮಾರುವ ಆಪಿನವರಿಗೆ ಬರೆದರೆ, ಗ್ರಾಹಕರಿಗೆ ಹಣ ಈಗಾಗಲೇ ಮರಳಿಸಲಾಗಿದೆ ಅಂತ ಉತ್ತರ. ಹೋಗುವ ಬರುವ ಸಾಗಣೆ ಖರ್ಚೂ ನನ್ನ ತಲೆಗೆ.

ಇದಕ್ಕಿಂತ ಕೆಟ್ಟದ್ದು ಅದಲುಬದಲು. ಕೈಮಗ್ಗದ್ದು ಹೋಗುತ್ತದೆ, ಮಿಲ್ಲಿನದು ವಾಪಸ್ ಬರುತ್ತದೆ. ನಮ್ಮ ಇಳಕಲ್ ಸೀರೆಗೆ ಒಂದು ಅನುಕೂಲ ಇದೆ. ಅದರ ಒಡಲಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿ, ಆಮೇಲೆ ಕೆಂಪು ಬಿಳಿಯ ತೋಪು ತೆನೆ ಸೆರಗು ನೇಯುತ್ತಾರೆ. ಸೆರಗು ಶುರುವಾಗುವಲ್ಲಿ ಬೆರಳಾಡಿಸಿದರೆ ಆ ಕೊಂಡಿಯ ಸಾಲು ಕೈಗೆ ಸಿಗುತ್ತದೆ. ಅದರ ಹಾಗೆ ಕಾಣುವ ಅಗ್ಗದ ಸೀರೆಯಲ್ಲಿ ಈ ಬೆಸುಗೆ ಇರುವುದಿಲ್ಲ. ಆದರೆ ಇದು ನನಗೆ ಗೊತ್ತಿದ್ದರೆ ಸಾಲದಲ್ಲ, ಕಸ್ಟಮರ್ ಕೇರಿನಲ್ಲಿ ಕೂತ ಹುಡುಗನಿಗೆ ತೋರಿಸಬೇಕು. ಅದಕ್ಕೇ ಈಗ ಪ್ಯಾಕ್ ಮಾಡುವಾಗ ವಿಡಿಯೋ ಮಾಡುತ್ತೇನೆ. ಕೊಂಡಿಯನ್ನು ಹತ್ತಿರದಿಂದ ತೋರಿಸಿ, ಸೀರೆ ಮಡಚಿ, ಕವರಿಗೆ ಹಾಕಿ, ಅಡ್ರೆಸ್ ಚೀಟಿಯ ಬಾರ್‌ಕೋಡ್ ಕಾಣುವ ಹಾಗೆ, ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಉಸಿರಿನಲ್ಲಿ. ನಿಲ್ಲಿಸಿ ಶುರು ಮಾಡಿದ ವಿಡಿಯೋವನ್ನು ಅವರು ಒಪ್ಪದೇ ಇರಬಹುದು. ರಿಟರ್ನ್ ಬಂದ ಪಾರ್ಸೆಲ್ ಒಡೆಯುವಾಗಲೂ ಹಾಗೇ, ಡೆಲಿವರಿ ಹುಡುಗ ಕಾಯುತ್ತಾ ನಿಂತು ಗೊಣಗಿದರೂ ಪರವಾಗಿಲ್ಲ. ದೂರು ಕೊಡಲು ಕೆಲವೇ ದಿನ ಸಮಯ ಇರುತ್ತದೆ, ಹಬ್ಬದ ಗಡಿಬಿಡಿಯಲ್ಲಿ ಆ ಪಾರ್ಸೆಲ್ ಮೂಲೆಗೆ ಬಿದ್ದಿದ್ದರೆ ಕಥೆ ಮುಗಿಯಿತು.

ಇನ್ನೊಂದು, ಸೆರಗಿನ ಕುಚ್ಚಿನಲ್ಲಿ ಎದ್ದು ಕಾಣುವ ಒಂದು ಟ್ಯಾಗ್ ಕಟ್ಟುತ್ತೇನೆ. ಟ್ಯಾಗ್ ಕತ್ತರಿಸಿದರೆ ವಾಪಸ್ ಇಲ್ಲ ಅಂತ ಅದರಲ್ಲೇ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದಿದೆ. ಸೆರಗಿನಲ್ಲಿ ಟ್ಯಾಗ್ ನೇತಾಡಿಸಿಕೊಂಡು ಮದುವೆಗೆ ಹೋಗಲು ಯಾರಿಗೂ ಆಗುವುದಿಲ್ಲ, ಅಲ್ವಾ? ಉಟ್ಟು ಕಳಿಸುವವರ ಕಾಟ ಇದರಿಂದ ನಿಜವಾಗಿಯೂ ಕಡಿಮೆಯಾಯಿತು.

ಕ್ಯಾಶ್ ಆನ್ ಡೆಲಿವರಿಯ ಗೋಳು ಹೊಸದೇನಲ್ಲ. ಹಿಂದೆ ಅಂಚೆಯಲ್ಲಿ ವಿ.ಪಿ.ಪಿ., ಅಂದರೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್, ತರಿಸಿ, ಪೋಸ್ಟ್‌ಮ್ಯಾನ್ ಬಂದಾಗ ಬೇಡ ಅನ್ನುತ್ತಿದ್ದವರೂ ಇದ್ದರು. ಈಗ ರಾತ್ರಿ ಹನ್ನೊಂದಕ್ಕೆ ಮೊಬೈಲ್ ನೋಡುತ್ತಾ ಆರ್ಡರ್ ಹಾಕಿ, ಬೆಳಿಗ್ಗೆ ಮರೆತುಬಿಡುತ್ತಾರೆ. ನಾನು 100 ರೂಪಾಯಿ ಮುಂಗಡ ಕೇಳಲು ಶುರು ಮಾಡಿದ ಮೇಲೆ ಆರ್ಡರ್ ಕಡಿಮೆಯಾಯಿತು, ಲಾಭ ಕಡಿಮೆಯಾಗಲಿಲ್ಲ.

ಇಷ್ಟೆಲ್ಲ ಮಾಡಿಯೂ ದುಡ್ಡು ಹೋಯಿತು ಅಂದುಕೊಳ್ಳಿ. ಅವನಿಗೆ ಫೋನ್ ಮಾಡಿ ಬೈಯುತ್ತಾ ಕೂರಬೇಡಿ, ಅವನಿಗೆ ಬೇಕಾಗಿರುವುದೇ ಆ ಸಮಯ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯಲು ಆಗುತ್ತದೆ. ಒಂದರಿಂದ ಇನ್ನೊಂದು ಖಾತೆಗೆ ಹಾರಿ ಎಟಿಎಂನಿಂದ ಹೊರಗೆ ಬಿತ್ತು ಅಂದರೆ ಕಷ್ಟ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಕೊಡಬಹುದು, ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆಗೂ, ಹೋಗಬಹುದು. ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್ ಬರೆದಿಟ್ಟುಕೊಂಡಿರಿ, ಮೊದಲು ಕೇಳುವ ವಿವರಗಳಲ್ಲಿ ಅದೂ ಒಂದು. ಬೇರೆಯವರ ವೇಷ ಹಾಕಿ ಆನ್‌ಲೈನಲ್ಲಿ ಮೋಸ ಮಾಡುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಂ ಇದೆ, 3 ವರ್ಷದವರೆಗೂ ಜೈಲು.

ಕೊನೆಗೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಅಪಾಯ. ಕೆಲವು ಸಲ ದುಡ್ಡು ನಿಜವಾಗಿಯೂ ಬರುತ್ತದೆ, ಆದರೆ ಅದು ಇನ್ಯಾರಿಗೋ ಮೋಸ ಮಾಡಿ ತಂದ ದುಡ್ಡು. ಅವರು ದೂರು ಕೊಟ್ಟಾಗ ಪೊಲೀಸರು ದುಡ್ಡಿನ ಜಾಡು ಹಿಡಿದು ನಿಮ್ಮ ಖಾತೆಗೂ ಬರುತ್ತಾರೆ, ಖಾತೆ ಫ್ರೀಜ್ ಆಗುತ್ತದೆ. ಸೀರೆ ಕೇಳಿದವರ ಹೆಸರು ಒಂದು, ದುಡ್ಡು ಬಂದ ಖಾತೆಯ ಹೆಸರು ಇನ್ನೊಂದು ಇದ್ದರೆ ಯಾಕೆ ಅಂತ ಕೇಳಿ. ಗಂಡ ಹಾಕಿದರು, ಮಗಳು ಹಾಕಿದಳು ಅನ್ನುವುದು ಸಹಜ. ಉತ್ತರ ಕೊಡಲು ತಡವರಿಸಿದರೆ ದುಡ್ಡನ್ನು ಬಂದ ಖಾತೆಗೇ ವಾಪಸ್ ಹಾಕಿ, ಇನ್ನೊಂದು ನಂಬರಿಗೆ ಹಾಕಿ ಅಂದರೆ ಖಂಡಿತ ಬೇಡ. ನಾನು ಮಾರಿದ್ದು ನಿಜವಾದ ಸೀರೆಯನ್ನೇ ಅಂತ ತೋರಿಸಲು ನಿಮ್ಮ ಹತ್ತಿರ ಇರುವುದು ಬಿಲ್ಲು, ವಾಟ್ಸಾಪ್ ಮಾತುಕತೆ, ಕೊರಿಯರ್ ರಸೀದಿ, ಇಷ್ಟೇ. ಆ ರಸೀದಿಯ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅದಕ್ಕೆ ಕೈಗೆ ಬಂದ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ನಮಸ್ಕಾರ.