ಹಿಮ ಮುಟ್ಟಿ ನೋಡಿ, ಆಮೇಲೆ ಮೇಣ ಹಚ್ಚಿ

ಕೇಳುಗರಿಗೆ ನಮಸ್ಕಾರ.

ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಮೇಣ ಅಂಟಬಾರದು ಅಂತ, ಅಲ್ವಾ? ಇವತ್ತು ನಾನು ಮಾತಾಡಲು ಬಂದಿರುವುದು ಬೇರೊಂದು ಮೇಣದ ಬಗ್ಗೆ. ಅದು ಅಂಟಬೇಕು, ಆದರೆ ಒಂದು ಕ್ಷಣ ಮಾತ್ರ. ಕಾಲೆತ್ತಿದ ಕೂಡಲೇ ಬಿಡಬೇಕು.

ನಾನು ನಾರ್ವೆಯ ಓಸ್ಲೋದಲ್ಲಿ ನೆಲೆಸಿ ಹಲವು ವರ್ಷಗಳಾದವು. ಇಲ್ಲಿ ಹಿಮ ಬಿದ್ದರೆ ಸಾಕು, ಮಕ್ಕಳು, ಮುದುಕರು ಅನ್ನದೆ ಜನ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿ, ಕಟ್ಟಿಕೊಂಡು ಕಾಡಿಗೆ ಹೊರಡುತ್ತಾರೆ. ಬೆಟ್ಟದ ತುದಿಯಿಂದ ಸುಯ್ಯಂತ ಇಳಿಯುವ ಆಟ ಇದಲ್ಲ. ಏರು, ತಗ್ಗು, ಬಯಲು ಎಲ್ಲವನ್ನೂ ಸ್ವಂತ ಬಲದಲ್ಲೇ ದಾಟುವ ಕ್ರಾಸ್ ಕಂಟ್ರಿ ಸ್ಕೀಯಿಂಗ್. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದು ಇದೇ ಆಟದಲ್ಲಿ.

ಇದರ ಹಳೆಯ ಶೈಲಿಗೆ ಕ್ಲಾಸಿಕ್ ಅಂತ ಹೆಸರು. ಒಂದು ಕಾಲಲ್ಲಿ ಹಿಂದಕ್ಕೆ ಒದೆಯುತ್ತೇವೆ, ಇನ್ನೊಂದರ ಮೇಲೆ ಮುಂದಕ್ಕೆ ಜಾರುತ್ತೇವೆ. ಸ್ಕೀ ಬಿಲ್ಲಿನ ಹಾಗೆ ಬಾಗಿರುತ್ತದೆ. ಜಾರುವಾಗ ಅದರ ನಡುಭಾಗ ಹಿಮದಿಂದ ಸ್ವಲ್ಪ ಮೇಲೇ ಇರುತ್ತದೆ. ಒದ್ದಾಗ ಮಾತ್ರ ಕೆಳಗೆ ಒತ್ತುತ್ತದೆ. ಗ್ರಿಪ್ ವ್ಯಾಕ್ಸ್, ಅಂದರೆ ಹಿಡಿತದ ಮೇಣ, ಹಚ್ಚುವುದು ಆ ನಡುಭಾಗಕ್ಕೆ. ಹಿಮದ ಹರಳಿನ ಮೊನೆ ಮೇಣಕ್ಕೆ ಚುಚ್ಚಿ ಹಿಡಿಯುತ್ತದೆ. ಮೇಣ ತೀರಾ ಗಟ್ಟಿಯಾದರೆ ಮೊನೆ ಇಳಿಯುವುದಿಲ್ಲ, ಕಾಲು ಹಿಂದಕ್ಕೆ ಜಾರುತ್ತದೆ. ನಾರ್ವೆಯವರು ಅದಕ್ಕೆ ‘ಬಾಕ್‌ಗ್ಲಾಟ್’ ಅನ್ನುತ್ತಾರೆ. ತೀರಾ ಮೆತ್ತಗಾದರೆ ಮೊನೆ ಹೊರಗೆ ಬರುವುದಿಲ್ಲ. ಹಿಮ ಅಡಿಗೆ ಮೆತ್ತಿಕೊಂಡು ಸ್ಕೀ ನಿಂತೇಬಿಡುತ್ತದೆ.

ಮೇಣದ ಡಬ್ಬಿಗಳು ಬಣ್ಣಬಣ್ಣವಾಗಿರುತ್ತವೆ. 1946ರಲ್ಲಿ ಸ್ವಿಕ್ಸ್ ಕಂಪನಿ ಹಸಿರು, ನೀಲಿ, ಕೆಂಪು ಅಂತ ಶುರುಮಾಡಿದ ಪದ್ಧತಿ ಇದು. ಹಸಿರು ಗಟ್ಟಿ, ಕಡು ಚಳಿಗೆ. ನೀಲಿ ಅದಕ್ಕಿಂತ ಮೆತ್ತಗೆ. ನೇರಳೆ ಸೊನ್ನೆ ಡಿಗ್ರಿಯ ಆಸುಪಾಸಿಗೆ. ಕೆಂಪು ಒದ್ದೆ ಹಿಮಕ್ಕೆ. ಹೊಸಬರು ಥರ್ಮಾಮೀಟರ್ ನೋಡಿ ಡಬ್ಬಿ ಎತ್ತಿಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಅದು ಸಾಲದು. ಹಿಮಕ್ಕೆ ಎಷ್ಟು ವಯಸ್ಸಾಗಿದೆ ಅನ್ನುವುದು ಥರ್ಮಾಮೀಟರಿಗೆ ಗೊತ್ತಿಲ್ಲ.

ಹಿಮವನ್ನು ಕೈಯಲ್ಲಿ ಹಿಡಿದು ನೋಡಿ. ಈಗಷ್ಟೇ ಬಿದ್ದದ್ದಾದರೆ ಹರಳು ಚೂಪು. ಅದು ಗಟ್ಟಿ ಮೇಣವನ್ನೂ ಚುಚ್ಚುತ್ತದೆ. ಕೆಲವು ದಿನ ಕಳೆದು, ಗಾಳಿ ಬೀಸಿ, ಮೇಲೆ ನೂರಾರು ಸ್ಕೀ ಓಡಿದ ಮೇಲೆ ಮೊನೆ ಮುರಿದು ದುಂಡಗಾಗುತ್ತದೆ. ರವೆಯ ಹಾಗೆ ಉದುರುತ್ತದೆ. ಆಗ ಅಷ್ಟೇ ಚಳಿಯಲ್ಲೂ ಇನ್ನೂ ಮೆತ್ತನೆಯ ಮೇಣ ಬೇಕು. ‘ಬ್ಲೂ ಎಕ್ಸ್‌ಟ್ರಾ’ ಅನ್ನುವ ಡಬ್ಬಿ ಹೊಸ ಹಿಮಕ್ಕೆ ಮೈನಸ್ 1ರಿಂದ ಮೈನಸ್ 7, ಹಳೆಯದಕ್ಕೆ ಮೈನಸ್ 3ರಿಂದ ಮೈನಸ್ 10. ಡಬ್ಬಿ ಒಂದೇ, ಲೆಕ್ಕ ಎರಡು.

ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮವಂತೂ ಕಲ್ಲುಸಕ್ಕರೆ. ಅದರ ಮೇಲೆ ಡಬ್ಬಿಯ ಮೇಣ ಬೇಗ ಉಜ್ಜಿಹೋಗುತ್ತದೆ. ಅಲ್ಲಿಗೆ ಬೇಕಾದದ್ದು ಕ್ಲಿಸ್ಟರ್. ಟ್ಯೂಬಿನಲ್ಲಿ ಬರುವ ಅಂಟು, ಥೇಟ್ ಹಲಸಿನ ಮೇಣವೇ. ಕೈಗೆ, ಬಟ್ಟೆಗೆ, ಚೀಲಕ್ಕೆ ಎಲ್ಲದಕ್ಕೂ ಹತ್ತುತ್ತದೆ. ಆದರೂ ನನಗೆ ಅದರ ಮೇಲೆ ತುಂಬಾ ನಂಬಿಕೆ.

ಬೇರೆ ಬೇರೆ ಬಗೆಯ ಹಿಮ ಒಂದೇ ದಿನ ಸಿಕ್ಕರೆ? ಬಿರ್ಕೆಬೈನರ್ ಎಂಬ ಸ್ಕೀ ಓಟದಲ್ಲಿ ನನಗೆ ಹಾಗೇ ಆಯಿತು. 1206ರಲ್ಲಿ, ಒಳಜಗಳದ ಕಾಲದಲ್ಲಿ, ಹೋಕನ್ ಎಂಬ ರಾಜಮನೆತನದ ಮಗುವನ್ನು ಇಬ್ಬರು ಸ್ಕೀ ಮೇಲೆ ಬೆಟ್ಟ ದಾಟಿಸಿ ಕಾಪಾಡಿದರಂತೆ. ಅದರ ನೆನಪಿಗೆ 1932ರಲ್ಲಿ ಈ ಓಟ ಶುರುವಾಯಿತು. ರೇನಾದಿಂದ ಲಿಲ್ಲೆಹಾಮರ್‌ಗೆ 54 ಕಿಲೋಮೀಟರ್. ಆ ಮಗುವಿನ ಗುರುತಾಗಿ ಪ್ರತಿಯೊಬ್ಬರ ಬೆನ್ನಿಗೂ 3.5 ಕಿಲೋ ಚೀಲ. ಈ ವಿಷಯ ನೆನೆದರೆ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ.

ಅವತ್ತು ರೇನಾದಲ್ಲಿ ರಾತ್ರಿಯ ಹೆಪ್ಪು. ಸುಮಾರು 900 ಮೀಟರ್ ಎತ್ತರದ ಬೆಟ್ಟದ ಮೇಲೆ ಹೊಸ ಹಿಮ. ಮಧ್ಯಾಹ್ನ ಲಿಲ್ಲೆಹಾಮರ್ ಕಡೆ ಒದ್ದೆ. ನಾನು ಮೈನಸ್ 4 ನೋಡಿ ಸುಮ್ನೆ ನೀಲಿ ಹಚ್ಚಿದ್ದೆ. ಮೊದಲ ಏರಿನಲ್ಲೇ ಕಾಲು ನಿಲ್ಲಲಿಲ್ಲ. ಮುಂದಿನ ದಾರಿಯೆಲ್ಲಾ ಕೈಯಲ್ಲಿ ಕೋಲು ಒತ್ತಿ ಒತ್ತಿ ಭುಜ ಸೋತುಹೋಯಿತು.

ಮರುವರ್ಷ ಹೀಗೆ ಮಾಡಿದೆ. ಸ್ಕೀಯ ನಡುಭಾಗವನ್ನು ಮರಳು ಕಾಗದದಲ್ಲಿ ಉಜ್ಜಿದೆ. ಕ್ಲಿಸ್ಟರನ್ನು ನೀರುದೋಸೆಯಷ್ಟು ತೆಳ್ಳಗೆ ಹರಡಿದೆ. ಹೊರಗಿಟ್ಟು ಪೂರ್ತಿ ಗಟ್ಟಿಯಾಗಲು ಬಿಟ್ಟೆ. ಇದನ್ನು ಅವಸರ ಮಾಡಬೇಡಿ. ಸಾಮಾನ್ಯವಾಗಿ ಗಟ್ಟಿ ಮೇಣದ ಮೇಲೆ ಮೆತ್ತನೆಯದು ಕೂರುತ್ತದೆ, ಮೆತ್ತನೆಯದರ ಮೇಲೆ ಗಟ್ಟಿಯದು ಕೂರುವುದಿಲ್ಲ. ಕ್ಲಿಸ್ಟರ್ ಹೆಪ್ಪುಗಟ್ಟಿದರೆ ಮಾತ್ರ ಅದು ಸಾಧ್ಯ. ಆಮೇಲೆ ನೀಲಿಯನ್ನು ತೆಳ್ಳಗೆ ಹಚ್ಚಿ, ಕಾರ್ಕಿನಲ್ಲಿ ಹಗುರವಾಗಿ ಸವರಿ, ಮತ್ತೊಂದು ಪದರ ಹಚ್ಚಿದೆ. ಕೆಳಗಿನ ಹೆಪ್ಪಿಗೆ ಕ್ಲಿಸ್ಟರ್, ಮೇಲಿನ ಹೊಸ ಹಿಮ ಅದಕ್ಕೆ ಮೆತ್ತದಂತೆ ನೀಲಿ. ಕೊನೆಯ ಒದ್ದೆ ಹಿಮಕ್ಕೆ ಏನೂ ಹಚ್ಚಲಿಲ್ಲ. ಅಲ್ಲಿ ಬಹುಪಾಲು ಇಳಿಜಾರು, ಒದೆಯುವ ಕೆಲಸವೇ ಕಮ್ಮಿ. ಜೇಬಿನಲ್ಲಿ ಒಂದು ನೇರಳೆ ಡಬ್ಬಿ, ಒಂದು ಕಾರ್ಕ್ ಇಟ್ಟುಕೊಂಡು ಹೊರಟೆ.

ಏರಿನುದ್ದಕ್ಕೂ ಕಾಲು ನಿಂತಿತು. ದಾರಿಯಲ್ಲಿ ಸಿಗುವ ಶೂಶೊಯೆನ್‌ನಲ್ಲಿ ಬಿಸಿ ಪಾನಕ ಕುಡಿಯುತ್ತಾ ಸ್ಕೀ ತಿರುಗಿಸಿ ನೋಡಿದೆ. ನೀಲಿ ಪೂರ್ತಿ ಸವೆದಿತ್ತು. ಕ್ಲಿಸ್ಟರ್ ಇನ್ನೂ ಬೆರಳಿಗೆ ಅಂಟುತ್ತಿತ್ತು. ನೇರಳೆ ಡಬ್ಬಿ ತೆಗೆಯಲೇ ಇಲ್ಲ, ಹಾಗೇ ಇಳಿಜಾರು ಹಿಡಿದೆ.

ನಮಸ್ಕಾರ.